ನೂರಕ್ಕೆ ನೂರರ ಹಂಬಲ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರವೆಂಬ ಊರಿದೆ. ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಕೋಲಾರದ ಕಾಲೇಜಿಗೆ ಹೊರಟ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಕೈಯಲ್ಲಿ ಫೋನಿದೆ. ಫೋನಿನಲ್ಲಿ ಒಂದು ಆಟವಿದೆ. ಆಟದ ಕಥೆಯೇನೋ ಮುಗಿದು ತಿಂಗಳಾಯಿತು. ರಾಕ್ಷಸನು ಸತ್ತಿದ್ದಾನೆ, ಕೋಟೆಯು ವಶವಾಗಿದೆ. ಆದರೂ ಅವನು ಆಡುತ್ತಲೇ ಇದ್ದಾನೆ. ಏಕೆಂದರೆ ಪರದೆಯ ಮೂಲೆಯಲ್ಲಿ ಶೇಕಡ 97 ಎಂಬ ಅಂಕಿ ಮಿನುಗುತ್ತಿದೆ. ಆಟದ ಕಾಡಿನಲ್ಲಿ ಎಲ್ಲೋ ಅಡಗಿರುವ ಮೂರು ಗರಿಗಳು ದೊರೆತರೆ ನೂರು ಪೂರ್ಣವಾಗುತ್ತದೆ. ಅವನ ಹೆಸರಿನ ಮುಂದೆ ಒಂದು ಪದಕ ಮೂಡುತ್ತದೆ. ಆ ಪದಕವನ್ನು ಮಾರುವಂತಿಲ್ಲ, ಕೊರಳಿಗೆ ಹಾಕಿಕೊಳ್ಳುವಂತಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಇಲ್ಲ. ಹೀಗಿದ್ದರೂ ಬಸ್ಸು ನಿಲ್ದಾಣವನ್ನು ಸೇರಿದುದು ಅವನ ಗಮನಕ್ಕೆ ಬಂದಿಲ್ಲ.

ಪಕ್ಕದಲ್ಲಿ ಕುಳಿತ ಹಿರಿಯರು “ಇದೆಂಥ ಹುಚ್ಚಪ್ಪ!” ಎಂದು ನಗಬಹುದು. ಆದರೆ ನಕ್ಕು ಸುಮ್ಮನಾದರೆ ಒಂದು ಸ್ವಾರಸ್ಯವಾದ ಪ್ರಶ್ನೆ ಕೈತಪ್ಪಿಹೋಗುತ್ತದೆ. ಯಾವ ಪ್ರಯೋಜನವೂ ಇಲ್ಲದ ಆ ಕೊನೆಯ ಮೂರಕ್ಕಾಗಿ ಮನುಷ್ಯನು ಮೊದಲಿನ ತೊಂಬತ್ತೇಳಕ್ಕಿಂತ ಹೆಚ್ಚು ಶ್ರಮಪಡುವುದೇಕೆ? ಈ ಪ್ರಶ್ನೆಗೆ ಮನಶ್ಶಾಸ್ತ್ರವು ಸುಮಾರು ನೂರು ವರ್ಷಗಳಿಂದ ಉತ್ತರವನ್ನು ಹುಡುಕುತ್ತಿದೆ. ದೊರೆತಿರುವ ಉತ್ತರಗಳು ಆಟಗಾರನಿಗೆ ಮಾತ್ರವಲ್ಲ, ಪಟ್ಟಿ ಮಾಡಿಕೊಂಡು ಪಾಠ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಂಬಂಧಿಸಿದವು.

ಹಳೆಯ ಹಂಬಲ

ಎಣಿಸಿ ಪೂರೈಸುವ ಹಂಬಲವು ವಿಡಿಯೊ ಆಟಗಳೊಡನೆ ಹುಟ್ಟಿದುದಲ್ಲ. ನಮ್ಮ ಹಳ್ಳಿಗಳ ಅಂಗಳದಲ್ಲಿ ಮಕ್ಕಳು ಆಡುವ ಕುಂಟೆಬಿಲ್ಲೆಯನ್ನೇ ನೋಡಿ. ನೆಲದ ಮೇಲೆ ಮನೆಗಳನ್ನು ಗೀಚಿ, ಬಿಲ್ಲೆಯನ್ನು ಒಂದೊಂದೇ ಮನೆಗೆ ಎಸೆದು, ಒಂಟಿಕಾಲಿನಲ್ಲಿ ಕುಂಟುತ್ತ ಎಲ್ಲವನ್ನೂ ದಾಟಿ ಬರಬೇಕು. ಒಂದು ಮನೆ ಉಳಿದರೂ ಆಟ ಪೂರ್ಣವಾಗದು. ಎಲ್ಲವನ್ನೂ ಮುಗಿಸಿದವಳಿಗೆ ಒಂದು ಮನೆ ಸ್ವಂತವಾಗುತ್ತದೆ. ಅವಳು ಅದರಲ್ಲಿ ಗೀಟೆಳೆದು ಎರಡು ಕಾಲನ್ನೂ ಊರಿ ನಿಲ್ಲಬಹುದು. ಉಳಿದವರು ಅದನ್ನು ಹಾರಿಕೊಂಡೇ ಹೋಗಬೇಕು. ಮಣ್ಣಿನ ಮೇಲಿನ ಆ ಗೀಟು ಪದಕವಲ್ಲದೆ ಮತ್ತೇನು?

ಹಿರಿಯರ ಲೋಕದಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ರಾಮನಾಮವನ್ನು ಕೋಟಿ ಸಲ ಬರೆಯುವ ರಾಮಕೋಟಿ, ಲಕ್ಷ ಬತ್ತಿಗಳನ್ನು ಹೊಸೆದು ಬೆಳಗುವ ಲಕ್ಷಬತ್ತಿಯ ವ್ರತ ಇವು ನಮ್ಮ ಮನೆಗಳಿಗೆ ಹೊಸವಲ್ಲ. ಇವುಗಳ ಮೂಲದಲ್ಲಿರುವ ಭಕ್ತಿಯ ಮಾತು ಬೇರೆ. ಆದರೆ ದಿನದಿನವೂ ಲೆಕ್ಕವಿಟ್ಟು, ಕಡೆಗೆ ಸಂಖ್ಯೆಯು ಕೂಡಿಬಂದಾಗ ಆಗುವ ಸಮಾಧಾನವು ಮನುಷ್ಯಸಹಜವಾದುದು. ಕೋಟಿಗೆ ಇನ್ನು ನೂರೇ ಕಡಮೆಯಿರುವಾಗ ಪುಸ್ತಕವನ್ನು ಮುಚ್ಚಿಡಲು ಯಾರಿಗೆ ಮನಸ್ಸು ಬಂದೀತು?

ಇನ್ನು ಅರಮನೆಯ ಕಡೆ ತಿರುಗೋಣ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಸಾಧಾರಣವಾದ ಆಸಕ್ತಿಯುಳ್ಳವರಾಗಿದ್ದರು. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅವರ ಬುದ್ಧಿಶಕ್ತಿಯು ಸಾಹಿತ್ಯ, ಕಲೆ, ಕ್ರೀಡೆಗಳ ಕಡೆಗೆ ಮತ್ತಷ್ಟು ಹರಿಯಿತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ‘ಕೌತುಕನಿಧಿ’ಯೂ ಒಂದು. ಹೊಸ ಬಗೆಯ ಗಂಜೀಫಾ ಎಲೆಯಾಟಗಳನ್ನು ರೂಪಿಸಿದುದಲ್ಲದೆ, ಚದುರಂಗದ ಕುದುರೆಯ ಓಟಗಳನ್ನೂ ಅವರು ರಚಿಸಿದರು.

ಕುದುರೆಯ ಓಟವೆಂದರೇನು? ಚದುರಂಗದ ಮಣೆಯಲ್ಲಿ 64 ಮನೆಗಳಿವೆ. ಕುದುರೆಯು ಎರಡು ಮನೆ ನೇರವಾಗಿ, ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹೀಗೆಯೇ ಹಾರುತ್ತ, ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ, ಯಾವುದನ್ನೂ ಬಿಡದೆ, 64ನ್ನೂ ಪೂರೈಸಬೇಕು. ಒಂಬತ್ತನೆಯ ಶತಮಾನದಲ್ಲಿಯೇ ಕಾಶ್ಮೀರದ ಆಲಂಕಾರಿಕ ರುದ್ರಟನು ಈ ನಡೆಯನ್ನು ಅನುಸರಿಸಿ ಶ್ಲೋಕದ ಅಕ್ಷರಗಳನ್ನು ಜೋಡಿಸಿದ್ದನು. ಇದಕ್ಕೆ ತುರಗಪದಬಂಧವೆಂದು ಹೆಸರು. 1759ರಲ್ಲಿ ಗಣಿತಜ್ಞ ಆಯ್ಲರನು ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದನು. ಕೊನೆಯ ಮನೆಯಿಂದ ಮತ್ತೊಂದು ಹಾರಿಕೆಯಲ್ಲಿ ಮೊದಲ ಮನೆಗೇ ಮರಳಬಹುದಾದಂಥ ಓಟಗಳು ಮಾತ್ರವೇ 13 ಲಕ್ಷ ಕೋಟಿಗೂ ಹೆಚ್ಚಾಗಿವೆಯೆಂದು ಈಗ ಎಣಿಸಲಾಗಿದೆ. ಆದರೂ ಕಾಗದ ತೆಗೆದುಕೊಂಡು ಕುಳಿತವನಿಗೆ ಮೊದಲ ಪ್ರಯತ್ನದಲ್ಲಿ ಐವತ್ತರ ಸುಮಾರಿಗೇ ದಾರಿ ಕಟ್ಟಿಹೋಗುವುದು ಸಾಮಾನ್ಯ. ಮುಂದಿನ ಹಾರಿಕೆಗಳು ಎಲ್ಲಿಂದ ಅತಿ ಕಡಮೆಯೋ ಆ ಮನೆಗೆ ಮೊದಲು ಹೋಗು ಎಂಬ ಸೂತ್ರವನ್ನು ವಾರ್ನ್ಸ್‌ಡಾರ್ಫ್ ಎಂಬಾತನು 1823ರಲ್ಲಿ ಸೂಚಿಸಿದನು. ಅದನ್ನು ಪಾಲಿಸಿದರೆ ಬಹುಮಟ್ಟಿಗೆ ಜಯ ಖಂಡಿತ. ಓದುಗರು ಪ್ರಯತ್ನಿಸಿ ನೋಡಬಹುದು. ಒಂದೆರಡು ಮನೆ ಉಳಿದಾಗ ಮನಸ್ಸಿನಲ್ಲಿ ಏಳುವ ಚಡಪಡಿಕೆಯನ್ನು ಮಾತ್ರ ಗಮನಿಸಿರಿ. ನಮ್ಮ ಲೇಖನದ ವಸ್ತುವೇ ಅದು.

ಬಟ್ಟೆಯ ಬಿಲ್ಲೆಯಿಂದ ಪ್ಲಾಟಿನಮ್ ಪದಕದವರೆಗೆ

ವಿಡಿಯೊ ಆಟಗಳ ಮೊದಲ ಕಾಲದಲ್ಲಿ ಪೂರ್ಣತೆಯೆಂಬುದಕ್ಕೆ ಸ್ಪಷ್ಟವಾದ ಅರ್ಥವಿರಲಿಲ್ಲ. ಅಂಕಗಳು ಏರುತ್ತಿದ್ದವು, ಆಟಗಾರನು ಸೋಲುವವರೆಗೆ ಆಡುತ್ತಿದ್ದನು. 1980ರಲ್ಲಿ ಜಪಾನಿನಲ್ಲಿ ಹುಟ್ಟಿದ ಪ್ಯಾಕ್‌ಮ್ಯಾನ್ ಆಟಕ್ಕಂತೂ ಅದನ್ನು ರಚಿಸಿದವರು ಕೊನೆಯನ್ನೇ ಯೋಜಿಸಿರಲಿಲ್ಲ. ಆದರೆ ಯಂತ್ರವು ಹಂತಗಳ ಲೆಕ್ಕವನ್ನು ಎಂಟು ದ್ವಿಮಾನ ಸ್ಥಾನಗಳಲ್ಲಿ ಇಡುತ್ತಿತ್ತು. ಎಂಟು ಸ್ಥಾನಗಳಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆಯನ್ನು ಬರೆಯಲಾಗದು. ಆದ್ದರಿಂದ 256ನೆಯ ಹಂತದಲ್ಲಿ ಲೆಕ್ಕ ತಪ್ಪಿ, ಪರದೆಯ ಅರ್ಧಭಾಗ ಅರ್ಥವಿಲ್ಲದ ಚಿಹ್ನೆಗಳಿಂದ ತುಂಬಿಹೋಗುತ್ತಿತ್ತು. ಅಲ್ಲಿಯವರೆಗೆ ಒಂದು ಚುಕ್ಕೆಯನ್ನೂ, ಒಂದು ಹಣ್ಣನ್ನೂ ಬಿಡದೆ ಗಳಿಸಬಹುದಾದ ಗರಿಷ್ಠ ಅಂಕ 33,33,360. ಹೀಗೆ ಯಂತ್ರದ ಒಂದು ದೋಷವೇ ಪೂರ್ಣತೆಯ ಗಡಿಯಾಯಿತು. ಆ ಗಡಿಯನ್ನು ಮುಟ್ಟುವುದಕ್ಕಾಗಿ ಜನರು ವರ್ಷಗಟ್ಟಲೆ ಅಭ್ಯಾಸಮಾಡಿದರು!

ಪದಕದ ಕಲ್ಪನೆಯೂ ಆ ದಶಕದಲ್ಲಿಯೇ ಕಾಣಿಸಿಕೊಂಡಿತು. ಅಮೆರಿಕದ ಆ್ಯಕ್ಟಿವಿಷನ್ ಸಂಸ್ಥೆಯು ತನ್ನ ಆಟಗಳಲ್ಲಿ ನಿರ್ದಿಷ್ಟ ಅಂಕ ಗಳಿಸಿದವರಿಗೆ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆಯನ್ನು ಕಳುಹಿಸಿಕೊಡುತ್ತಿತ್ತು. ಸಾಕ್ಷ್ಯವಾಗಿ ಟೆಲಿವಿಷನ್ ಪರದೆಯ ಛಾಯಾಚಿತ್ರವನ್ನು ಅಂಚೆಯಲ್ಲಿ ಕಳುಹಿಸಬೇಕಾಗಿತ್ತು. 2005ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಯಂತ್ರವು ಬಂದಾಗ ಈ ಪದ್ಧತಿಯು ಯಂತ್ರದೊಳಗೇ ಸೇರಿಕೊಂಡಿತು. ಎಲ್ಲ ಆಟಗಳ ಸಾಧನೆಗಳೂ ಒಂದೇ ಮೊತ್ತಕ್ಕೆ ಕೂಡುತ್ತ, ಆಟಗಾರನ ಹೆಸರಿನೊಡನೆ ಕಾಣಿಸತೊಡಗಿದವು. 2008ರಲ್ಲಿ ಸೋನಿಯವರ ಪ್ಲೇಸ್ಟೇಷನ್ 3 ಕಂಚು, ಬೆಳ್ಳಿ, ಚಿನ್ನದ ಪದಕಗಳನ್ನು ತಂದಿತು. ಒಂದು ಆಟದ ಪದಕಗಳೆಲ್ಲ ದೊರೆತ ಮೇಲೆ ಲಭಿಸುವುದು ಪ್ಲಾಟಿನಮ್. ಕಂಪ್ಯೂಟರಿನ ಆಟಗಳಿಗೆ ಸ್ಟೀಮ್ ಎಂಬ ಮಾರಾಟ ವ್ಯವಸ್ಥೆಯಲ್ಲಿ 2007ರಲ್ಲಿ, ಆಂಡ್ರಾಯ್ಡ್ ಫೋನುಗಳಿಗೆ 2013ರಲ್ಲಿ ಇಂಥದೇ ಏರ್ಪಾಡು ಬಂದಿತು. ಬಸ್ಸಿನಲ್ಲಿ ಕುಳಿತ ನಮ್ಮ ಹುಡುಗನ ಪರದೆಯ ಮೇಲಿನ ಅಂಕಿಯ ಇತಿಹಾಸವು ಇಷ್ಟು.

ಅರೆಗೆಲಸದ ಸೆಳೆತ

ಈಗ ಕಾರಣಗಳನ್ನು ನೋಡೋಣ. 1920ರ ದಶಕದಲ್ಲಿ ಬರ್ಲಿನ್ ನಗರದಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನಿದ್ದನು. ಒಂದು ಕೆಲಸವನ್ನು ಮಾಡಬೇಕೆಂದು ಕೈಗೆತ್ತಿಕೊಂಡ ಕೂಡಲೆ ಮನಸ್ಸಿನಲ್ಲಿ ಒಂದು ಬಿಗಿತವುಂಟಾಗುತ್ತದೆ. ಕೆಲಸ ಮುಗಿಯುವವರೆಗೆ ಅದು ಸಡಿಲವಾಗದು ಎಂಬುದು ಅವನ ವಾದ. ಅವನ ಶಿಷ್ಯೆಯರಿಬ್ಬರು ಇದನ್ನು ಪರೀಕ್ಷೆಗೆ ಒಡ್ಡಿದರು. ಬ್ಲೂಮಾ ಜೈಗಾರ್ನಿಕ್ ಎಂಬಾಕೆಯು ಜನರಿಗೆ ಜೇಡಿಮಣ್ಣಿನ ಬೊಂಬೆ, ಒಗಟು, ಲೆಕ್ಕ ಮುಂತಾದ ಸುಮಾರು ಇಪ್ಪತ್ತು ಚಿಕ್ಕ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ಮುಗಿಸಗೊಟ್ಟು, ಉಳಿದರ್ಧವನ್ನು ನಡುವೆಯೇ ತಡೆದಳು. ಬಳಿಕ ಕೇಳಿದಾಗ ಮುಗಿಯದ ಕೆಲಸಗಳೇ ಹೆಚ್ಚಾಗಿ ನೆನಪಿನಲ್ಲಿದ್ದವೆಂದು 1927ರಲ್ಲಿ ಪ್ರಕಟಿಸಿದಳು. ಮರುವರ್ಷ ಮರಿಯಾ ಒವ್ಸಿಯಾಂಕಿನಾ ಎಂಬಾಕೆಯು ಮತ್ತೊಂದನ್ನು ತೋರಿಸಿದಳು. ತಡೆದ ಕೆಲಸವನ್ನು ಎದುರಿಗೇ ಬಿಟ್ಟು, ಏನನ್ನೂ ಹೇಳದೆ ಸುಮ್ಮನಿದ್ದರೆ, ಜನರು ಯಾವ ಬಹುಮಾನದ ಆಸೆಯೂ ಇಲ್ಲದೆ ತಾವಾಗಿಯೇ ಅದನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ವಿಜ್ಞಾನದಲ್ಲಿ ಹಳೆಯ ತೀರ್ಮಾನಗಳನ್ನು ಆಗಾಗ ಮತ್ತೆ ತೂಗಿನೋಡಬೇಕಾಗುತ್ತದೆ. ಈ ವಿಷಯದಲ್ಲಿ ನಡೆದ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪರಿಶೀಲಿಸಿದಾಗ, ಮುಗಿಯದ ಕೆಲಸ ಹೆಚ್ಚು ನೆನಪಿರುತ್ತದೆಂಬ ಪ್ರಸಿದ್ಧವಾದ ಮಾತಿಗೆ ಆಧಾರ ಸಾಲದೆಂದು ಕಂಡುಬಂದಿತು. ಆದರೆ ಮುಗಿಯದ ಕೆಲಸಕ್ಕೆ ಮರಳುವ ಪ್ರವೃತ್ತಿಯು ಮಾತ್ರ ಗಟ್ಟಿಯಾಗಿಯೇ ನಿಂತಿತು. ಕೀರ್ತಿ ಜೈಗಾರ್ನಿಕಳಿಗೆ ಸಂದಿತು. ಸತ್ಯವು ಒವ್ಸಿಯಾಂಕಿನಾಳ ಕಡೆ ಉಳಿಯಿತು! ಶೇಕಡ 97 ಎಂಬ ಅಂಕಿಯು ಮಾಡುವ ಕೆಲಸವೂ ಇದೇ. ಅದು ಗಳಿಸಿದ್ದನ್ನು ಹೇಳುವುದಕ್ಕಿಂತ ಉಳಿದುದನ್ನು ಎತ್ತಿ ತೋರಿಸುತ್ತದೆ. ಕಥೆ ಮುಗಿದಿದ್ದರೂ ಕೆಲಸ ಮುಗಿದಿಲ್ಲವೆಂದು ಮನಸ್ಸಿಗೆ ತಿಳಿಸುತ್ತದೆ.

ಗುರಿ ಹತ್ತಿರವಾದಂತೆ

ಸಂಜೆ ಊರು ಕಣ್ಣಿಗೆ ಬಿದ್ದೊಡನೆ ಬಂಡಿಯ ಎತ್ತುಗಳು ತಾವಾಗಿಯೇ ಹೆಜ್ಜೆಯನ್ನು ಚುರುಕುಗೊಳಿಸುವುದನ್ನು ನಮ್ಮ ರೈತರು ಬಲ್ಲರು. 1932ರಲ್ಲಿ ಕ್ಲಾರ್ಕ್ ಹಲ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞನು ಇದಕ್ಕೆ ಶಾಸ್ತ್ರರೂಪ ಕೊಟ್ಟನು. ಕಿರುದಾರಿಯಲ್ಲಿ ಓಡುವ ಇಲಿಗಳು ಆಹಾರ ಹತ್ತಿರವಾದಷ್ಟೂ ವೇಗವಾಗಿ ಓಡುತ್ತವೆ. ಗುರಿಯ ಸಾಮೀಪ್ಯವೇ ಪ್ರಯತ್ನದ ಪ್ರಮಾಣವನ್ನು ಹೆಚ್ಚಿಸುತ್ತದೆ.

ಮನುಷ್ಯರ ವಿಷಯದಲ್ಲಿ ನಡೆದ ಒಂದು ಪ್ರಯೋಗವು ಮತ್ತಷ್ಟು ಕುತೂಹಲಕರವಾಗಿದೆ. 2006ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕಾರು ತೊಳೆಯುವ ಅಂಗಡಿಯೊಂದರ 300 ಗಿರಾಕಿಗಳಿಗೆ ಚೀಟಿಗಳನ್ನು ಹಂಚಲಾಯಿತು. ಪ್ರತಿಸಲ ಕಾರು ತೊಳೆಸಿದಾಗಲೂ ಒಂದು ಮುದ್ರೆ. ಮುದ್ರೆಗಳು ತುಂಬಿದರೆ ಒಂದು ಸಲ ಉಚಿತ. ಅರ್ಧದಷ್ಟು ಜನರ ಚೀಟಿಯಲ್ಲಿ ಎಂಟು ಖಾಲಿ ಮನೆಗಳಿದ್ದವು. ಉಳಿದವರ ಚೀಟಿಯಲ್ಲಿ ಹತ್ತು ಮನೆಗಳು. ಆದರೆ ಎರಡಕ್ಕೆ ಮೊದಲೇ ಮುದ್ರೆ ಒತ್ತಿ ಕೊಟ್ಟಿದ್ದರು. ಲೆಕ್ಕದಲ್ಲಿ ಇಬ್ಬರಿಗೂ ಎಂಟೇ ಉಳಿದಿದ್ದರೂ, ಖಾಲಿ ಚೀಟಿಯವರಲ್ಲಿ ಶೇಕಡ 19 ಮಂದಿ ಮಾತ್ರ ಕೊನೆ ಮುಟ್ಟಿದರು. ಎರಡು ಮುದ್ರೆ ದಾನವಾಗಿ ಬಂದವರಲ್ಲಿ ಶೇಕಡ 34 ಮಂದಿ ಮುಟ್ಟಿದರು. ಆಗಲೇ ಹೊರಟಿದ್ದೇವೆಂಬ ಭಾವನೆಯೊಂದೇ ಈ ವ್ಯತ್ಯಾಸವನ್ನು ತಂದಿತು. ಅನೇಕ ಆಟಗಳು ಮೊದಲ ಬಾಗಿಲನ್ನು ತೆರೆದ ಮಾತ್ರಕ್ಕೇ ಒಂದು ಪದಕವನ್ನು ಕೊಡುವುದೇಕೆಂಬುದು ಈಗ ಅರ್ಥವಾದೀತು.

ಪದಕ ಬಂದ ಗಳಿಗೆಯಲ್ಲಿ ಆಗುವ ಪುಳಕಕ್ಕೆ ಮೆದುಳಿನಲ್ಲಿಯೂ ಆಧಾರವಿದೆ. ಡೋಪಮಿನ್ ಎಂಬ ರಾಸಾಯನಿಕವನ್ನು ಸುಖದ ರಸವೆಂದು ಕರೆಯುವುದು ರೂಢಿ. ಆದರೆ ಅದು ಪೂರ್ತಿ ಸರಿಯಲ್ಲ. ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದಂತೆ, ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಈ ರಾಸಾಯನಿಕವನ್ನು ಸೂಸುವ ನರಕೋಶಗಳು ಚುರುಕಾಗುತ್ತವೆ. ರಸ ಬರುವ ಮುನ್ನ ದೀಪದ ಸೂಚನೆಯು ಕಾಣುವುದೆಂದು ಕೋತಿ ಕಲಿತ ಮೇಲೆ, ಆ ಕೋಶಗಳು ಸೂಚನೆಗೆ ಸ್ಪಂದಿಸುತ್ತವೆ, ರಸಕ್ಕಲ್ಲ. ನಿರೀಕ್ಷಿಸಿದ ರಸ ಬಾರದಿದ್ದರೆ ಅವುಗಳ ಚಟುವಟಿಕೆ ಕುಗ್ಗುತ್ತದೆ. ಎಂದರೆ, ಮೆದುಳು ಲೆಕ್ಕವಿಡುವುದು ಬಹುಮಾನವನ್ನಲ್ಲ, ನಿರೀಕ್ಷೆಗೂ ಪ್ರಾಪ್ತಿಗೂ ಇರುವ ವ್ಯತ್ಯಾಸವನ್ನು. ಪ್ಲಾಟಿನಮ್ ಪದಕ ಕೈಗೆ ಬಂದ ಮರುಕ್ಷಣವೇ ಮನಸ್ಸು ಬರಿದಾದಂತಾಗಿ, ಕೈ ಮುಂದಿನ ಆಟವನ್ನು ಹುಡುಕುವುದರ ರಹಸ್ಯವು ಭಾಗಶಃ ಇಲ್ಲಿರಬಹುದು.

ಇದಕ್ಕೆ ಇತರರ ಕಣ್ಣೂ ಸೇರುತ್ತದೆ. ಈ ಪದಕವನ್ನು ಆಟಗಾರರಲ್ಲಿ ಶೇಕಡ ಎರಡರಷ್ಟು ಮಂದಿ ಮಾತ್ರ ಪಡೆದಿದ್ದಾರೆ ಎಂದು ಪರದೆಯು ತಿಳಿಸಿದರೆ ಅದರ ಬೆಲೆ ಏರದೆ ಇದ್ದೀತೆ? ಆದರೂ ಎಲ್ಲರೂ ಪದಕದ ಬೆನ್ನು ಹತ್ತುವುದಿಲ್ಲ. ಬ್ರಿಟಿಷ್ ಸಂಶೋಧಕ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಸಾಧನೆಯನ್ನು ಬಯಸುವವರು, ಆಟದ ಲೋಕವನ್ನು ಸುತ್ತಿ ತಿಳಿಯಬಯಸುವವರು, ಗೆಳೆತನಕ್ಕಾಗಿ ಬರುವವರು, ಇತರರನ್ನು ಸೋಲಿಸುವುದರಲ್ಲೇ ಆನಂದಪಡುವವರು. ನೂರಕ್ಕೆ ನೂರರ ಹಂಬಲವು ಮೊದಲ ಬಗೆಯವರ ಲಕ್ಷಣ.

ಬಹುಮಾನದ ಎರಡು ಮುಖ

ಇಲ್ಲಿಯವರೆಗೆ ಹೇಳಿದುದರಿಂದ ಪದಕವು ಆಟಕ್ಕೆ ರುಚಿಯನ್ನು ಕೂಡಿಸುತ್ತದೆಯೆಂದು ತೋರಬಹುದು. ಅದು ರುಚಿಯನ್ನು ಕೆಡಿಸಲೂಬಹುದು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ವಿಜ್ಞಾನಿಗಳು ಅಮೆರಿಕದ ಶಿಶುವಿಹಾರವೊಂದರಲ್ಲಿ ಚಿತ್ರ ಬಿಡಿಸುವುದನ್ನು ಪ್ರೀತಿಸುವ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಮುದ್ರೆಯೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಕೊಡಲೇ ಇಲ್ಲ. ಕೆಲವು ದಿನಗಳ ಬಳಿಕ ಬಹುಮಾನದ ಮಾತೇ ಇಲ್ಲದೆ ಬಣ್ಣದ ಲೇಖನಿಗಳನ್ನು ಮಕ್ಕಳ ಮುಂದಿಟ್ಟಾಗ, ಮೊದಲ ಗುಂಪಿನವರು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪತ್ರ ಪಡೆದವರ ಆಸಕ್ತಿಯಾದರೋ ಕುಂದಲಿಲ್ಲ.

ಈ ಪ್ರಯೋಗದ ತಾತ್ಪರ್ಯ ಸೂಕ್ಷ್ಮವಾದುದು. ಬಹುಮಾನವು ತಾನಾಗಿ ಕೆಟ್ಟದ್ದಲ್ಲ. ‘ನಾನು ಇದನ್ನು ಮಾಡುತ್ತಿರುವುದು ಅದಕ್ಕಾಗಿ’ ಎಂದು ಮನಸ್ಸು ಒಪ್ಪಂದ ಮಾಡಿಕೊಂಡಾಗ, ಆಟವು ಕೂಲಿಯಾಗುತ್ತದೆ. ಎಲ್ಲ ಮೂಲೆಗಳನ್ನೂ ಸುತ್ತುವ ಕುತೂಹಲದಿಂದ ಮೂರು ಗರಿಗಳನ್ನು ಹುಡುಕುವವನು ಆಡುತ್ತಿದ್ದಾನೆ. ಬೇಸರದಿಂದ ಆಕಳಿಸುತ್ತ, ಪಟ್ಟಿಯಲ್ಲಿ ಗುರುತು ಹಾಕುವುದಕ್ಕಾಗಿ ಅದೇ ಗರಿಗಳನ್ನು ಹುಡುಕುವವನು ದುಡಿಯುತ್ತಿದ್ದಾನೆ. ಇಬ್ಬರ ಬೆರಳುಗಳ ಚಲನೆಯೂ ಒಂದೇ, ಪದಕವೂ ಒಂದೇ.

ಎಣಿಕೆ ಯಾರದು?

ಮುಮ್ಮಡಿಯವರ ಕುದುರೆಯ ಓಟಕ್ಕೂ ಫೋನಿನ ಪದಕಕ್ಕೂ ಇರುವ ಭೇದವನ್ನು ಈಗ ಗುರುತಿಸಬಹುದು. ಚದುರಂಗದ 64 ಎಂಬ ಸಂಖ್ಯೆಯು ಮಣೆಯಿಂದಲೇ ಬಂದುದು. ಅದನ್ನು ಪೂರೈಸಿದವನು ಕುದುರೆಯ ನಡೆಯ ಗುಟ್ಟನ್ನು ಕಲಿತಿರುತ್ತಾನೆ. 63ಕ್ಕೆ ನಿಂತವನು ಅದನ್ನು ಪೂರ್ಣವಾಗಿ ಕಲಿತಿಲ್ಲ. ಅಲ್ಲಿ ಪೂರ್ಣತೆಗೆ ಅರ್ಥವುಂಟು. ಆಟದ ಕಾಡಿನಲ್ಲಿ ನೂರು ಗರಿಗಳಿರುವುದು ಅದನ್ನು ರಚಿಸಿದವರ ಇಚ್ಛೆಯಿಂದ. ಅವರು ಇನ್ನೂರು ಗರಿಗಳನ್ನು ಇಟ್ಟಿದ್ದರೆ ನಾವು ಇನ್ನೂರನ್ನು ಹುಡುಕುತ್ತಿದ್ದೆವು. ಇದು ಎಲ್ಲ ಪದಕಗಳ ಮಾತಲ್ಲ. ಹೊಸ ಚಾತುರ್ಯವನ್ನು ಕಲಿಸುವ, ಆಟವನ್ನು ಬೇರೊಂದು ಬಗೆಯಲ್ಲಿ ಆಡಿಸುವ ಒಳ್ಳೆಯ ಪದಕಗಳೂ ಉಂಟು. ಆದರೆ ಆಟಗಾರನು ಎಷ್ಟು ಹೊತ್ತು ಪರದೆಯ ಮುಂದೆ ಕುಳಿತಿರುತ್ತಾನೋ ಅಷ್ಟು ಲಾಭವಿರುವ ವ್ಯಾಪಾರದಲ್ಲಿ, ಎಣಿಕೆಯನ್ನು ಬೆಳೆಸುತ್ತ ಹೋಗುವ ಆಸೆ ತಯಾರಕರಿಗೆ ಇದ್ದೇ ಇರುತ್ತದೆ.

ಈ ಸೆಳೆತವು ಕೆಲವರಲ್ಲಿ ಮಿತಿಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನವನ್ನೂ ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಕಾಲ ಇವು ಕಂಡುಬಂದರೆ ಮಾತ್ರ ವೈದ್ಯರು ಅದನ್ನು ವ್ಯಸನವೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿಯೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ಪ್ರಾರಂಭಿಸಿತು. ಪದಕವನ್ನು ಬಯಸುವವರೆಲ್ಲ ರೋಗಿಗಳಲ್ಲ. ಬಹುಪಾಲು ಮಂದಿ ಆಡಿ, ಮುಗಿಸಿ, ಸಂತೋಷದಿಂದ ಏಳುತ್ತಾರೆ. ಆದರೆ ಏಳಲಾಗದ ದಿನ ಬಂದರೆ ನಾಚದೆ ಹೇಳಿಕೊಳ್ಳಬೇಕು, ಸಹಾಯ ದೊರೆಯುತ್ತದೆ.

ನಮ್ಮ ಹುಡುಗನು ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಈ ಪಟ್ಟಿಯನ್ನು ಬರೆದವರು ಯಾರು? ಅಂಕಿಯನ್ನು ಮುಚ್ಚಿಟ್ಟರೂ ನಾನು ಇದನ್ನು ಆಡುವೆನೆ? ಮುಗಿದ ಮೇಲೆ ನನ್ನಲ್ಲಿ ಉಳಿಯುವುದೇನು? ಮೂರನೆಯ ಪ್ರಶ್ನೆಯು ಪಾಠಪುಸ್ತಕಕ್ಕೂ ಸಲ್ಲುತ್ತದೆ. ಅಧ್ಯಾಯಗಳ ಮುಂದೆ ಗುರುತು ಹಾಕುತ್ತ ಹೋಗಿ, ಒಂದನ್ನೂ ಅರಿಯದೆ ‘ಮುಗಿಯಿತು’ ಎನ್ನುವ ವಿದ್ಯಾರ್ಥಿಯೂ ಅಂಕಿಯ ಬೆನ್ನು ಹತ್ತಿದವನೇ. ಅದೇ ಹಂಬಲವನ್ನು ತಾನೇ ಆರಿಸಿದ ಕೆಲಸಕ್ಕೆ ಹೂಡಬಲ್ಲವನಿಗೆ ಅದು ಬಲವಾದ ಸಹಾಯಕವೂ ಹೌದು. ದೊಡ್ಡ ಕೆಲಸವನ್ನು ಎಣಿಸಬಹುದಾದ ತುಣುಕುಗಳಾಗಿ ಮಾಡಿ, ಮೊದಲ ತುಣುಕನ್ನು ಇಂದೇ ಮುಗಿಸಿ, ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಮಲಗಿದರೆ, ಒವ್ಸಿಯಾಂಕಿನಾಳ ಪ್ರಯೋಗ ಹೇಳುವಂತೆ, ಬೆಳಗ್ಗೆ ಕೈ ತಾನಾಗಿಯೇ ಅದರ ಕಡೆಗೆ ಹೋದೀತು.

ದೇವರಾಯಸಮುದ್ರದ ಹೆಸರಿನಲ್ಲಿ ಸಮುದ್ರವಿದೆ. ಕಡಲು ಮಾತ್ರ ನೂರಾರು ಮೈಲಿ ದೂರ. ನಮ್ಮ ಹಿರಿಯರು ಸಮುದ್ರವೆಂದು ಕರೆದುದು ಕೆರೆಗಳನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದ ಸೀಮೆಯಲ್ಲಿ ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಕೆರೆ ತುಂಬಿತೆಂದು ಹಿಗ್ಗುವುದು ಅಂಕಿಗಾಗಿಯಲ್ಲ, ಆ ನೀರು ಗದ್ದೆಗೂ ಮುಂದಿನ ಕೆರೆಗೂ ಹೋಗುವುದೆಂದು. ಮನುಷ್ಯನ ಪೂರ್ಣತೆಯ ಹಂಬಲಕ್ಕೂ ಇದೇ ಅಳತೆ ಸಾಕು.